ನಾಲ್ಕನೇ ಸಾಲಿನ ಒಂಬತ್ತು ಚುಕ್ಕೆ

ನಡುವಿನಿಂದ ಅಂಚಿಗೆ. ಮತ್ತೆ ನಡುವಿನಿಂದ ಅಂಚಿಗೆ. ಡಿಸ್ಕ್ ಒರೆಸುವುದು ಹಾಗೆ. ಊಟದ ತಟ್ಟೆ ಒರೆಸಿದಂತೆ ಸುತ್ತ ಕೈಯಾಡಿಸಿದರೆ, ಬಟ್ಟೆಯಲ್ಲಿ ಅಡಗಿದ ಒಂದು ಕಣ ಧೂಳು ಬರೆದ ಸಾಲಿನುದ್ದಕ್ಕೂ ಗೀರಿಬಿಡುತ್ತದೆ. ಅಡ್ಡ ಗೀರಿದರೆ ಯಂತ್ರ ಹೇಗೋ ದಾಟಿಕೊಂಡು ಓದುತ್ತದೆ.

ಮೇಜಿನ ಈ ಬದಿಯಲ್ಲಿ ನಾನು ಒರೆಸುತ್ತಿದ್ದೆ, ಆ ಬದಿಯಲ್ಲಿ ಬೆಂಕಿಯಣ್ಣ. ಅರ್ಧ ಗಂಟೆಯಿಂದ ಇಬ್ಬರೂ ಮಾತಾಡಿರಲಿಲ್ಲ. ನಾನು ಬಾಯಿ ಬಿಡದಿರುವುದು ಹೊಸದಲ್ಲ. ಅವನು ಸುಮ್ಮನಿರುವುದು ಹೊಸದು.

ಕಿಟಕಿಯ ದಪ್ಪ ಪರದೆಯ ಸೀಳಿನಿಂದ ಒಂದು ಗೆರೆ ಬಿಸಿಲು ನೆಲಕ್ಕೆ ಬಿದ್ದಿತ್ತು. ಬಿಸಿಲು ಡಿಸ್ಕಿಗೆ ಆಗದು. ಹಾಗಾಗಿ ನಮ್ಮ ಕೋಣೆ ಮಧ್ಯಾಹ್ನವೂ ತಂಪಾಗಿ, ಮಬ್ಬಾಗಿ ಇರುತ್ತದೆ. ಕೆಳಗಿನ ಬೀಗದ ಅಂಗಡಿಯವನು ಅರ ಉಜ್ಜುವ ಸದ್ದು ಮೆಟ್ಟಿಲೇರಿ ಬರುತ್ತದೆ. ನನಗೆ ಈ ಕೋಣೆ ಇಷ್ಟ. ಯಾರೂ ನನ್ನನ್ನು ಎಬ್ಬಿಸಿ ನಿಲ್ಲಿಸಿ ಪ್ರಶ್ನೆ ಕೇಳುವುದಿಲ್ಲ.

ನನ್ನ ಕೈಯಲ್ಲಿದ್ದದ್ದು ನೇಯ್ಗೆಯಜ್ಜಿಯ ಡಿಸ್ಕು. ಅದು ನಾವು ಬರೆದಿಟ್ಟ ಡಿಸ್ಕೇ ಅಲ್ಲವೆಂದು ನಿನ್ನೆ ಸಂಜೆ ಬೀರು ತೆರೆದಾಗಲೇ ನನಗೆ ಗೊತ್ತಾಗಿತ್ತು. ಇನ್ನೂ ಯಾರಿಗೂ ಹೇಳಿರಲಿಲ್ಲ.

ಗಡಿಯಾರ ಮೂರೂಕಾಲು ತೋರಿಸುತ್ತಿತ್ತು. ನಾಲ್ಕಕ್ಕೆ ಲಾಯರಮ್ಮ ಬರುವವರಿದ್ದರು.

ನಮ್ಮದು ಮಾವನ, ಅಂದರೆ ಅಮ್ಮನ ಅಣ್ಣನ, ಅಂಗಡಿ. ಜನ ಕಳೆದುಕೊಳ್ಳಬಾರದ್ದನ್ನೆಲ್ಲ ಇಲ್ಲಿಗೆ ತರುತ್ತಾರೆ: ಮನೆಯ ನಕ್ಷೆ, ಎಕ್ಸ್‌ರೇ, ತೀರಿಹೋದವರ ದನಿ, ಕೂಸಿನ ಮೊದಲ ನಗು. ಅದನ್ನು ನಾವು ಚಿನ್ನದ ಬಣ್ಣದ ಪದರವಿರುವ, ಒಮ್ಮೆ ಬರೆದರೆ ಅಳಿಸಲು ಬಾರದ ಡಿಸ್ಕಿಗೆ ಬರೆದು ಇಡುತ್ತೇವೆ. ಬರೆಯುವುದೆಂದರೆ ಬೆಳಕಿನಿಂದ ಸುಡುವುದು. ಸುಡುವ ಯಂತ್ರ ನೋಡಿಕೊಳ್ಳುವವನು ಬೆಂಕಿಯಣ್ಣ. ಆರು ವರ್ಷದ ಹಿಂದೆ ಬಂದ. ಹೆಸರಿಗೆ ಬೆಂಕಿ, ಸ್ವಭಾವ ಬೆಣ್ಣೆ.

ಅಂಗಡಿಗೆ ಎರಡು ನಿಯಮ. ಒಂದು, ವರ್ಷಕ್ಕೊಮ್ಮೆ ಬೀರುವಿನ ಪ್ರತಿ ಡಿಸ್ಕನ್ನೂ ಓದಿಸಿ, ಡಬ್ಬಿಯೊಳಗಿನ ಚೀಟಿಯಲ್ಲಿ ಆ ವರ್ಷದ ಪುಟ್ಟ ಚೌಕದ ಮನೆಗೆ ಒಂದು ಚುಕ್ಕೆ ಇಡಬೇಕು. ಎರಡು, ಒಳಗೇನಿದೆ ಎಂದು ನಾವು ನೋಡಬಾರದು. ಯಂತ್ರ ‘ಸರಿಯಿದೆ’ ಎಂದರೆ ಮುಗಿಯಿತು. “ನಾವು ಪೆಟ್ಟಿಗೆ ಕಾಯೋರು, ಇಣುಕೋರಲ್ಲ,” ಎನ್ನುತ್ತಾರೆ ಮಾವ.

ಒಂಬತ್ತು ವರ್ಷದ ಹಿಂದೆ, ನಾನು ಏಳನೇ ತರಗತಿಗೆ ಶಾಲೆ ಬಿಟ್ಟು ಎರಡು ವರ್ಷ ಮನೆಯಲ್ಲಿದ್ದು ಇಲ್ಲಿಗೆ ಸೇರಿದ ಮೊದಲ ತಿಂಗಳಲ್ಲಿ, ನೇಯ್ಗೆಯಜ್ಜಿ ತನ್ನ ನಲವತ್ತನಾಲ್ಕು ಸೀರೆಯಂಚಿನ ಚಿತ್ರಗಳನ್ನು ಫೋಟೊ ಹಿಡಿಸಿ ತಂದು ಬರೆಸಿದ್ದಳು. ಈಗ ದೊಡ್ಡ ಮಿಲ್ಲೊಂದು ಅವುಗಳಲ್ಲಿ ಹದಿನೇಳನೆಯ ಅಂಚು ತನ್ನದೆನ್ನುತ್ತಿದೆ. ಅಜ್ಜಿಯ ಹನ್ನೆರಡು ಮಗ್ಗದಲ್ಲೂ ಏರಿರುವುದು ಅದೇ ಅಂಚು. ಅದು ಮಿಲ್ಲಿನದೆಂದು ಠರಾವಾದರೆ ಮಗ್ಗ ನಿಲ್ಲುತ್ತವೆ, ಹನ್ನೆರಡು ಹೆಂಗಸರು ಕೈ ಕಟ್ಟಿ ಕೂರುತ್ತಾರೆ. ಕಾಗದದ ಮೂಲ ಚಿತ್ರವನ್ನು ಹುಳ ತಿಂದಿದೆ. ಉಳಿದಿರುವ ಸಾಕ್ಷಿ ಡಿಸ್ಕು. ಎರಡೂ ಕಡೆಯವರು ಒಪ್ಪಿ ಕರೆಸಿದ ಲಾಯರಮ್ಮ ಇಂದು ಅದನ್ನು ನೋಡಿ ತೀರ್ಮಾನ ಹೇಳಬೇಕು.

ಅಜ್ಜಿಗೆ ಕೊಟ್ಟಿದ್ದ ಪ್ರತಿಯನ್ನು ಅವಳು ಹಿತ್ತಲಲ್ಲಿ ಹಕ್ಕಿ ಓಡಿಸಲು ನೇತುಹಾಕಿದ್ದಳಂತೆ. ಬಿಸಿಲು ಕುಡಿದು ಅದು ಕನ್ನಡಕದ ಗಾಜಿನಂತಾಗಿದೆ.

“ಹಕ್ಕಿ ಓಡಿದ್ವಾ ಅಜ್ಜಿ?” ಎಂದು ಮಾವ ಕೇಳಿದ್ದಕ್ಕೆ, “ಎಲ್ಲಿ ಓಡ್ತವೆ? ಬಂದು ಮುಖ ನೋಡ್ಕೊಂಡು, ಹೊಟ್ಟೆತುಂಬ ತಿಂದು ಹೋಗ್ತವೆ,” ಎಂದಿದ್ದಳು. ಎಲ್ಲರೂ ನಕ್ಕಿದ್ದೆವು.

ಹಾಗಾಗಿ ಎಲ್ಲರ ಲೆಕ್ಕಕ್ಕೆ ಉಳಿದದ್ದು ನಮ್ಮ ಬೀರುವಿನ ಪ್ರತಿ, ನಾಲ್ಕನೇ ಸಾಲಿನದು. ಈಗ ನನ್ನ ಕೈಯಲ್ಲಿದ್ದದ್ದು.

ನಾನು ಬಟ್ಟೆ ಕೆಳಗಿಟ್ಟು ಡಿಸ್ಕನ್ನು ಬಿಸಿಲ ಗೆರೆಯ ಹತ್ತಿರ ಓರೆ ಹಿಡಿದೆ.

ಸುಟ್ಟ ಭಾಗ ಸುಡದ ಭಾಗಕ್ಕಿಂತ ಒಂದು ಪಾಲು ಕಂದು. ಒಳಗಿನಿಂದ ಹೊರಕ್ಕೆ ಉಂಗುರದಂತೆ ಕಾಣುತ್ತದೆ. ಸೇರಿದ ಹೊಸದರಲ್ಲಿ ಮೆಗಾಬೈಟ್ ಎಂದರೇನೆಂದು ಕೇಳಲು ನನಗೆ ನಾಚಿಕೆ. ಆದ್ದರಿಂದ ಪ್ರತಿ ಡಿಸ್ಕಿನ ಉಂಗುರವನ್ನು ಮುಟ್ಟದೆ, ಬೆರಳು ಮೇಲೆ ಹಿಡಿದು ಅಳೆದು ಪುಸ್ತಕದಲ್ಲಿ ಗುರುತು ಹಾಕಿಕೊಳ್ಳುತ್ತಿದ್ದೆ. ಮೆಗಾಬೈಟ್ ಅರ್ಥವಾದ ಮೇಲೂ ಬೆರಳಿನ ಚಟ ಬಿಡಲಿಲ್ಲ. ಅಜ್ಜಿಯ ಡಿಸ್ಕಿನ ಎದುರು ನನ್ನ ಪುಸ್ತಕದಲ್ಲಿ ‘ಎರಡು ಬೆರಳು’ ಎಂದಿದೆ.

ಇದು ಒಂದೂವರೆ.

ನನ್ನ ಬೆರಳು ಆಗಿನಿಂದ ದಪ್ಪವಾಗಿರಬಹುದು. ನಿನ್ನೆ ಹಾಗೆಂದುಕೊಂಡೇ ಪಕ್ಕದ ಹತ್ತು ಡಿಸ್ಕನ್ನು ಅಳೆದು ನೋಡಿದ್ದೆ. ಹತ್ತೂ ಪುಸ್ತಕದಂತೆಯೇ ಇದ್ದವು.

ಯಾರು ಬದಲಿಸಿರಬಹುದು? ಮೊದಲು ನೆನಪಿಗೆ ಬಂದವನು ಮಿಲ್ಲಿನ ಗುಮಾಸ್ತ. ಹೋದ ತಿಂಗಳು ಯಾವುದೋ ಪಟ್ಟಿ ಬರೆಸುವ ನೆವದಲ್ಲಿ ಬಂದು ಬೀರುವಿನ ಪಕ್ಕದ ಕುರ್ಚಿಯಲ್ಲೇ ಒಂದು ಗಂಟೆ ಕೂತಿದ್ದ. ಎರಡು ಸಲ ನೀರು ಕೇಳಿ ನನ್ನನ್ನು ಒಳಗೆ ಕಳಿಸಿದ್ದ. ಕಳ್ಳನಾಗಲು ಹೇಳಿ ಮಾಡಿಸಿದಂತಿದ್ದ ಮನುಷ್ಯ.

ಆದರೆ ಡಬ್ಬಿಯ ಚೀಟಿ ಅವನನ್ನು ಬಿಟ್ಟುಕಳಿಸಿತ್ತು.

ಬೆಂಕಿಯಣ್ಣ ಇನ್ನೊಂದು ಡಿಸ್ಕ್ ಎತ್ತಿಕೊಂಡ. ನಾನು ಚೀಟಿಯನ್ನು ಡಬ್ಬಿಯಿಂದ ತೆಗೆದು ಮೇಜಿನ ನಡುವೆ ಇಟ್ಟೆ.

“ಅಣ್ಣಾ, ಇದರಲ್ಲಿ ಒಂಬತ್ತು ಚುಕ್ಕೆ ಇದೆ.”

ಅವನು ತಲೆಯೆತ್ತಲಿಲ್ಲ. ನನ್ನನ್ನು ಅವನು ಕರೆಯುವುದೇ ಇಲಿ ಎಂದು. “ಒಂಬತ್ತು ವರ್ಷ ಆಯ್ತಲ್ಲ ಇಲಿ. ಇನ್ನೆಷ್ಟಿರಬೇಕಿತ್ತು?”

“ಎಂಟು.”

“ಏಳನೇ ಕ್ಲಾಸಿಗೇ ಶಾಲೆ ಬಿಟ್ಟೆಯಲ್ಲ, ಅವತ್ತೇ ನಿನ್ನ ಲೆಕ್ಕದ ಮೇಷ್ಟ್ರಿಗೆ ಬಿಡುಗಡೆ ಆಗಿರಬೇಕು,” ಎಂದು ನಕ್ಕ. ನಗು ಅರ್ಧಕ್ಕೇ ನಿಂತಿತು.

“ಮೂರನೇ ವರ್ಷದ ಚುಕ್ಕೆ ಇರಬಾರದು ಅಣ್ಣ. ನೀನು ಆಗ ಬಂದಿರಲಿಲ್ಲ.”

ಮುಂದಿನ ಮಾತನ್ನು ಆರು ವರ್ಷದಿಂದ ಯಾರಿಗೂ ಹೇಳಿರಲಿಲ್ಲ.

“ಆ ವರ್ಷ ಓದೋ ಯಂತ್ರದ ಟ್ರೇ ಮುರೀತು. ತಾನೇ ಮುರೀತು ಅಂತ ಮಾವ ಅಂದ್ಕೊಂಡಿದ್ದಾರೆ. ಮುರಿದಿದ್ದು ನಾನು. ಹೆದರಿಬಿಟ್ಟೆ. ಹೊಸದು ಬರೋಕೆ ತಿಂಗಳಾಯ್ತು. ನಾಲ್ಕನೇ ಸಾಲು ಮುಗೀತಾ ಅಂತ ಮಾವ ಕೇಳಿದಾಗ ಹೂಂ ಅಂದೆ. ಮುಗಿದಿರಲಿಲ್ಲ. ಒಂದನ್ನೂ ಓದಿಸಿರಲಿಲ್ಲ.”

“ಮತ್ತೆ ಚುಕ್ಕೆ?”

“ಬಾಯಲ್ಲಿ ಸುಳ್ಳು ಬಂತು. ಕೈಯಲ್ಲಿ ಬರಲಿಲ್ಲ. ಆ ಸಾಲಿನ ನಲವತ್ತೊಂದು ಚೀಟಿಯಲ್ಲೂ ಮೂರನೇ ಮನೆ ಖಾಲಿ ಬಿಟ್ಟೆ. ಯಾರೂ ನೋಡಲೇ ಇಲ್ಲ. ಇವತ್ತಿಗೂ ನಲವತ್ತರಲ್ಲಿ ಖಾಲಿ ಇದೆ. ಇದೊಂದರಲ್ಲಿ ತುಂಬಿದೆ.”

ಬೆಂಕಿಯಣ್ಣ ಕೈಯಲ್ಲಿದ್ದ ಡಿಸ್ಕನ್ನು ಬಹಳ ಎಚ್ಚರದಿಂದ, ಅಂಚು ಹಿಡಿದು, ಡಬ್ಬಿಗೆ ಕೂರಿಸಿದ. ಅಂಥ ಹೊತ್ತಿನಲ್ಲೂ ಅವನ ಬೆರಳು ಹೊಳಪಿನ ಮೇಲೆ ಬೀಳಲಿಲ್ಲ.

ಚುಕ್ಕೆಯ ವಿಷಯ ಹೊರಗಿನವರಿಗೆ ಗೊತ್ತಿಲ್ಲ. ಮಾವನ ಕಣ್ಣಿಗೆ ಪೊರೆ ಬಂದಿದೆ. ಅಷ್ಟು ಸಣ್ಣ ಮನೆಯಲ್ಲಿ ಚುಕ್ಕೆ ಕೂರಿಸಲು ಅವರಿಂದಾಗದು. ಉಳಿದದ್ದು ನಾನು ಮತ್ತು ಅವನು. ಖಾಲಿ ಮನೆ ಕಂಡರೆ ಅವನಿಗೆ ಕೈ ತುರಿಸುತ್ತದೆ. ಪತ್ರಿಕೆಯಲ್ಲಿ ಬೇರೆಯವರು ಅರ್ಧ ಬಿಟ್ಟ ಪದಬಂಧವನ್ನು ತುಂಬುವವನು, ಎದುರುಮನೆಯ ಗೇಟಿಗೆ ಇಲ್ಲದ ಸ್ಕ್ರೂ ತಂದು ಹಾಕಿ ಬರುವವನು.

“ಖಾಲಿ ಬಿಟ್ರೆ ಲಾಯರಮ್ಮ ಯಾಕೆ ಅಂತ ಕೇಳ್ತಾರೆ ಅನ್ನಿಸ್ತು,” ಎಂದ ಕೊನೆಗೆ. “ನಾನೇ ಎಲ್ಲೋ ಮರೆತಿರ್ತೀನಿ ಅಂದ್ಕೊಂಡೆ. ಹಾಳಾದ್ದು, ಅಕ್ಕಪಕ್ಕದ ಚೀಟಿ ತೆಗೆದು ನೋಡಲಿಲ್ಲ.”

“ಉಂಗುರ ಎರಡು ಬೆರಳಿತ್ತು, ಈಗ ಒಂದೂವರೆ. ಡಿಸ್ಕ್ ಯಾಕೆ ಬದಲಿಸಿದೆ?”

“ಕೇಳಿದವರು ಅತ್ತುಬಿಟ್ರು. ಯಾರು ಅಂತ ಕೇಳಬೇಡ, ಹೇಳಲ್ಲ. ಆದ್ರೆ ಒಂದು ಮಾತು. ಅಜ್ಜಿಗೆ ತೊಂದರೆ ಆಗೋ ಕೆಲಸ ಮಾಡಿಲ್ಲ. ನಲವತ್ತನಾಲ್ಕು ಚಿತ್ರಾನೂ ಇದರಲ್ಲಿದೆ. ಗಣಕದ ಗಡಿಯಾರ ಹಿಂದಕ್ಕೆ ತಿರುಗಿಸಿ, ಒಂಬತ್ತು ವರ್ಷದ ಹಿಂದಿನ ತಾರೀಖೇ ಬೀಳೋ ಹಾಗೆ ಬರೆದಿದ್ದೀನಿ. ಒಂದು ಎಳೆ ಮುಟ್ಟಿಲ್ಲ. ಒಂದರ ಮೂಲೆ ಮಾತ್ರ...”

“ಮೂಲೆ?”

ಅವನು ತುಟಿ ಕಚ್ಚಿಕೊಂಡ. “ಏನಿಲ್ಲ. ನಲವತ್ತನಾಲ್ಕನ್ನೂ ಮತ್ತೆ ಉಳಿಸಿದೆ, ಗಾತ್ರ ಇಳೀತು. ಅದಕ್ಕೇ ನಿನ್ನ ಬೆರಳಿಗೆ ಸಿಕ್ಕಿಬಿದ್ದೆ.”

“ಹಳೇ ಡಿಸ್ಕ್ ಎಲ್ಲಿ?”

“ಕತ್ತರಿಸಿದೆ. ಹೊಟ್ಟೆ ಉರೀತು ಕಣೇ. ಇನ್ನೂ ನೂರು ವರ್ಷ ಬಾಳೋ ಡಿಸ್ಕು.”

ಅವನ ಕಣ್ಣಲ್ಲಿ ನಿಜವಾಗಿಯೂ ನೀರಿತ್ತು. ನಾನು ಬೇರೆ ಕಡೆ ನೋಡಿದೆ. ಈ ಮನುಷ್ಯನೇ ನನಗೆ ಯಂತ್ರ ಕಲಿಸಿದ್ದು, ತಪ್ಪಿದಾಗ ನಕ್ಕು ಮತ್ತೆ ತೋರಿಸಿದ್ದು. ಕೋಪ ತರಿಸಿಕೊಳ್ಳಲು ನೋಡಿದೆ, ಬರಲಿಲ್ಲ.

“ಅಣ್ಣಾ, ತಾರೀಖು ಹಿಂದಕ್ಕೆ ಹಾಕಬಹುದು. ಆದ್ರೆ ಈ ಡಿಸ್ಕು ತಯಾರಾಗಿದ್ದೇ ಹೋದ ವರ್ಷ. ತೂತಿನ ಸುತ್ತ, ಒಳಗಿನ ಬಳೆ ಮೇಲೆ ನಂಬರು ಅಚ್ಚಾಗಿದೆ. ಹೊಸ ಪೆಟ್ಟಿಗೆಯದ್ದು.”

“ಅಷ್ಟು ಸಣ್ಣ ನಂಬರನ್ನ ಯಾರು ಭೂತಗನ್ನಡಿ ಇಟ್ಟು ನೋಡ್ತಾರೆ?”

ಮೆಟ್ಟಿಲ ಮೇಲೆ ಚಪ್ಪಲಿ ಸದ್ದಾಯಿತು. ಇನ್ನೂ ನಾಲ್ಕಾಗಿರಲಿಲ್ಲ.

ಮೊದಲು ಬಂದವಳು ನೇಯ್ಗೆಯಜ್ಜಿ, ಮಾವನ ತೋಳು ಹಿಡಿದುಕೊಂಡು. ಹಿಂದೆ ಲಾಯರಮ್ಮ. ಅವರ ಹಿಂದೆ ಮಿಲ್ಲಿನ ಗುಮಾಸ್ತ. ಅವನ ಕೈಯಲ್ಲಿ ಚರ್ಮದ ಚೀಲ. ಕೂತವನೇ ಚೀಲದಿಂದ ಅಂಗೈಯಗಲದ ಭೂತಗನ್ನಡಿ ತೆಗೆದು ಮೇಜಿನ ಮೇಲಿಟ್ಟ.

ಬೆಂಕಿಯಣ್ಣ ಅದನ್ನೇ ನೋಡುತ್ತ ನಿಂತ.

“ನಮ್ಮ ಮಿಲ್ಲಲ್ಲೂ ಡಿಸ್ಕ್ ಬಲ್ಲವರಿದ್ದಾರೆ,” ಎಂದ ಗುಮಾಸ್ತ. “ಏನೇನು ನೋಡಬೇಕು ಅಂತ ಬರೆದುಕೊಟ್ಟಿದ್ದಾರೆ. ಒಂದು ಸಣ್ಣ ನಂಬರಿರುತ್ತಂತೆ.”

“ನೋಡಿ ಸ್ವಾಮಿ, ಧಾರಾಳವಾಗಿ ನೋಡಿ,” ಎಂದರು ಮಾವ. “ಇಪ್ಪತ್ತೆರಡು ವರ್ಷದಿಂದ ಈ ಬೀರು ಯಾರಿಗೂ ಸುಳ್ಳು ಹೇಳಿಲ್ಲ. ಹೋದ ಸಲ ಒಂದು ಗಂಟೆ ಅದರ ಪಕ್ಕದಲ್ಲೇ ಕೂತಿದ್ರಲ್ಲ, ನಿಮಗೇ ಗೊತ್ತಿರಬೇಕು.”

ಲಾಯರಮ್ಮ ಮುಗುಳ್ನಕ್ಕರು. ಗುಮಾಸ್ತ ಕೆಮ್ಮಿದ.

ಅಜ್ಜಿ ನನ್ನ ಪಕ್ಕದ ಕುರ್ಚಿಯಲ್ಲಿ ಕೂತು ನನ್ನ ಗಲ್ಲ ಹಿಡಿದಳು. “ಹೆಂಗಿದ್ದೀಯೇ ಮಗು? ನಿಮ್ಮಮ್ಮ ಹೆಂಗಿದ್ದಾಳೆ?” ನೂಲು ಹಿಡಿದು ಹಿಡಿದು ಅವಳ ಬೆರಳ ತುದಿಯಲ್ಲಿ ಗೆರೆ ಬಿದ್ದಿವೆ. ಅಮ್ಮ ಮದುವೆಗೆ ಮೊದಲು ಆರು ವರ್ಷ ಅಜ್ಜಿಯ ಮಗ್ಗದ ಮನೆಯಲ್ಲಿ ನೂಲು ಸುತ್ತುತ್ತಿದ್ದಳು. ಸುತ್ತುತ್ತಿದ್ದಳು, ನಮಗೆ ಗೊತ್ತಿದ್ದದ್ದು ಅಷ್ಟೇ.

“ಚೆನ್ನಾಗಿದ್ದಾಳೆ,” ಎಂದೆ.

“ಅಜ್ಜಿ, ಹದಿನೇಳನೇ ಅಂಚನ್ನು ನಿಮ್ಮ ಕೈಯಿಂದಲೇ ಬರೆದಿದ್ದು ಅಂತ ಸಹಿ ಹಾಕಿ ಕೊಟ್ಟಿದ್ದೀರಿ,” ಎಂದು ಕಾಗದ ತೆರೆದರು ಲಾಯರಮ್ಮ. “ಡಿಸ್ಕ್ ಹಳೆಯದೇ ಆಗಿದ್ದು, ಚಿತ್ರ ಅದರಲ್ಲಿದ್ರೆ ಇವತ್ತೇ ಮುಗಿಸೋಣ. ಡಿಸ್ಕ್ ಮೇಲೆ ಅನುಮಾನ ಬಂದ್ರೆ ಮಾತ್ರ ಕಷ್ಟ. ಆಮೇಲೆ ಅಂಚಿನ ಮಾತಲ್ಲ, ಖೋಟಾ ಸಾಕ್ಷಿಯ ಮಾತಾಗುತ್ತೆ. ಅಂಗಡಿಗೂ ಸೇರಿ.”

“ಅನುಮಾನ ಯಾಕೆ ಬರುತ್ತೆ?” ಎಂದರು ಮಾವ. ಅವರ ಮುಖದಲ್ಲಿ ಎಷ್ಟು ನೆಮ್ಮದಿಯಿತ್ತೆಂದರೆ ನನಗೆ ನೋಡಲಾಗಲಿಲ್ಲ. ಮೇಜಿನ ಮೇಲಿದ್ದ ಡಬ್ಬಿಯನ್ನು ಎತ್ತಿಕೊಂಡು, ಓದುವ ಯಂತ್ರದ ಟ್ರೇ ಹೊರಗೆ ಎಳೆದರು.

“ಮಾವ, ಅದನ್ನ ಹಾಕಬೇಡಿ.”

ಎಲ್ಲರೂ ತಿರುಗಿದರು. ಬಂದದ್ದು ನನ್ನ ದನಿಯೇ ಎಂದು ನಂಬಲು ನನಗೂ ಒಂದು ಗಳಿಗೆ ಹಿಡಿಯಿತು.

“ಏನಮ್ಮಾ?”

“ಅದು ನಮ್ಮ ಡಿಸ್ಕ್ ಅಲ್ಲ. ಯಾರೋ ಬದಲಿಸಿದ್ದಾರೆ.”

ಗುಮಾಸ್ತನ ಹುಬ್ಬು ಮೇಲೇರಿತು. ಅಜ್ಜಿಯ ಕೈ ನನ್ನ ತೋಳಿನಿಂದ ಜಾರಿತು. ಬೆಂಕಿಯಣ್ಣ ಕಣ್ಣು ಮುಚ್ಚಿಕೊಂಡ.

ನಾನು ನಿಂತುಕೊಂಡೇ ಹೇಳಿದೆ. ಶಾಲೆಯಲ್ಲಿ ಎದ್ದು ನಿಂತಾಗ ಮಾತೇ ಹೊರಡುತ್ತಿರಲಿಲ್ಲ. ಈಗ ಮಾತು ನಿಲ್ಲಲಿಲ್ಲ. ಎರಡು ಬೆರಳು ಒಂದೂವರೆಯಾದದ್ದು, ಖಾಲಿ ಇರಬೇಕಾದ ಮನೆಯಲ್ಲಿ ಚುಕ್ಕೆ ಬಂದದ್ದು, ಆ ಮನೆ ಯಾಕೆ ಖಾಲಿ ಇರಬೇಕಿತ್ತು ಎನ್ನುವುದು, ಮುರಿದ ಟ್ರೇ. ಬೆಂಕಿಯಣ್ಣನ ಹೆಸರು ಮಾತ್ರ ಹೇಳಲಿಲ್ಲ.

ಮಾವ ಪೊರೆ ಬಂದ ಕಣ್ಣನ್ನು ಕಿರಿದು ಮಾಡಿ ನನ್ನನ್ನೇ ನೋಡಿದರು.

“ಆ ಟ್ರೇಗೋಸ್ಕರ ಆರು ವರ್ಷ ಒಳಗೊಳಗೇ ಒದ್ದಾಡಿದ್ಯಾ?” ಎಂದರು ಮೆಲ್ಲಗೆ. “ಹುಚ್ಚಿ. ಅದಕ್ಕೆ ಮುಂಚಿನ ಎರಡು ಟ್ರೇ ಮುರಿದಿದ್ದು ನಾನೇ.”

ನನಗೆ ಅಳುವೂ ನಗುವೂ ಒಟ್ಟಿಗೆ ಬಂತು.

“ತುಂಬ ಚೆನ್ನಾಗಿದೆ,” ಎಂದ ಗುಮಾಸ್ತ, ಭೂತಗನ್ನಡಿಯನ್ನು ಚೀಲಕ್ಕೆ ಹಾಕುತ್ತ. “ಹಾಗಾದ್ರೆ ಸಾಕ್ಷಿ ಇಲ್ಲ. ನಾವು ಹೊರಡಬಹುದಲ್ವಾ ಮೇಡಂ?”

“ಇದೆ,” ಎಂದೆ. “ಮೂರನೇ ಪ್ರತಿ ಇದೆ.”

ಬೆಂಕಿಯಣ್ಣನ ಕಣ್ಣು ತಟ್ಟನೆ ತೆರೆಯಿತು. ಅವನಿಗೆ ಗೊತ್ತಿರಲಿಲ್ಲ. ಮೊದಲೆಲ್ಲ ಪ್ರತಿಯೊಂದಕ್ಕೂ ಮೂರು ಪ್ರತಿ ಬರೆಯುತ್ತಿದ್ದೆವು: ಗಿರಾಕಿಗೆ ಒಂದು, ಬೀರುವಿಗೆ ಒಂದು, ಬೇರೆ ಸೂರಿನಡಿಗೆ ಒಂದು. ಮೂರೂ ಒಂದೇ ಬೆಂಕಿಗೆ ಸಿಗಬಾರದೆಂದು. ಚಿನ್ನದ ಡಿಸ್ಕಿನ ಬೆಲೆ ಏರಿದ ಮೇಲೆ, ಅವನು ಬರುವ ಮೊದಲೇ, ಆ ಪದ್ಧತಿ ನಿಂತಿತು. ಬೇರೆ ಸೂರು ಎಂದರೆ ನಮ್ಮ ಮನೆ, ಎರಡು ಬೀದಿ ಆಚೆ. ಹಳೆಯ ಮರದ ಪೆಟ್ಟಿಗೆಯಲ್ಲಿ ಅವು ಇವತ್ತಿಗೂ ಇವೆ. ನಿನ್ನೆ ಸಂಜೆ ಅಲ್ಲಿಂದ ತೆಗೆದು ಚೀಲಕ್ಕೆ ಹಾಕಿಕೊಂಡಿದ್ದೆ.

“ಯಾರದ್ದೇ ಅದು?” ಎಂದು ಅಮ್ಮ ಕೇಳಿದ್ದಳು, ಬಟ್ಟೆ ಮಡಚುತ್ತ. ಅಜ್ಜಿಯ ಅಂಚಿನದೆಂದೆ. ಅವಳು ಮಡಚಿದ್ದ ಬಟ್ಟೆಯನ್ನೇ ಬಿಡಿಸಿ ಮತ್ತೆ ಮಡಚಿದಳು. “ಹುಷಾರಾಗಿ ತಗೊಂಡು ಹೋಗು,” ಎಂದಳು.

ನಾನು ಪೊಟ್ಟಣವನ್ನು ಮೇಜಿನ ಮೇಲಿಟ್ಟೆ. ಅಮ್ಮ ಹೊಲಿದ ಕಪ್ಪು ಬಟ್ಟೆಯ ಚೀಲ. ಅಮ್ಮ ಹೊಲಿದ ಎಲ್ಲದರಂತೆ ಅದರ ಮೂಲೆಯಲ್ಲೂ ಅವಳ ಗುರುತು: ಒಂದೇ ತೊಟ್ಟಿನ ಮೂರು ಎಲೆ, ನಡುವಿನದು ಸ್ವಲ್ಪ ಎಡಕ್ಕೆ ವಾಲಿದ್ದು. ನನ್ನ ಶಾಲೆಯ ಚೀಲದ ಮೇಲೂ ಇತ್ತು, ದಿಂಬಿನ ಮೇಲೂ ಇದೆ.

ಅಜ್ಜಿ ಆ ಮೂಲೆಯನ್ನೇ ನೋಡುತ್ತಿದ್ದಳು.

“ಬೇಡ,” ಎಂದಳು ಅಜ್ಜಿ.

“ಯಾಕಜ್ಜಿ? ನಿಮ್ಮನ್ನ ಗೆಲ್ಲಿಸೋ ಡಿಸ್ಕ್ ಇದು,” ಎಂದರು ಮಾವ.

ಅಜ್ಜಿ ಬೆಂಕಿಯಣ್ಣನ ಕಡೆ ನೋಡಿದಳು. ಅವನು ನೆಲ ನೋಡಿದ. ಅಳುತ್ತ ಕೇಳಿಕೊಂಡವರು ಯಾರೆಂದು ನನಗೆ ಆಗ ಗೊತ್ತಾಯಿತು. ತನ್ನ ಗೆಲುವಿನ ಸಾಕ್ಷಿಯನ್ನು ಅವಳೇ ಯಾಕೆ ಬದಲಿಸಿದಳೆಂದು ಮಾತ್ರ ತಿಳಿಯಲಿಲ್ಲ.

ಅಷ್ಟರಲ್ಲಿ ಗುಮಾಸ್ತ ಭೂತಗನ್ನಡಿ ಮತ್ತೆ ಹೊರತೆಗೆದು, ಪೊಟ್ಟಣದ ಡಿಸ್ಕಿನ ಒಳಬಳೆಯ ನಂಬರನ್ನು ಓದಿ, ತನ್ನ ಕಾಗದದೊಂದಿಗೆ ಹೋಲಿಸಿದ. ಮುಖ ಸಣ್ಣದಾಯಿತು. “ಹಳೆಯದೇ,” ಎಂದ.

ಮಾವ ಡಿಸ್ಕನ್ನು ಟ್ರೇಯಲ್ಲಿ ಕೂರಿಸಿದರು. ಯಂತ್ರ ಗುಂಯ್ ಎಂದಿತು. ಒಂಬತ್ತು ವರ್ಷ ಕತ್ತಲಲ್ಲಿದ್ದ ಡಿಸ್ಕ್ ಒಂದೇ ಉಸಿರಿಗೆ ಓದಿಕೊಂಡಿತು. ನಲವತ್ತನಾಲ್ಕು ಚಿತ್ರ. ಅಂಥ ಹೊತ್ತಿನಲ್ಲೂ ನನಗೆ ಹಿಗ್ಗಾಯಿತು.

ಹದಿನೇಳನೆಯದನ್ನು ಮಾವ ತೆರೆದರು. ಅವರು ಹಾಗೆ ಒಳಗೆ ಇಣುಕಿದ್ದು ಅದೇ ಮೊದಲು.

ಪರದೆಯ ತುಂಬ ಅಂಚು ಹರಡಿತು. ಹುಳ ತಿನ್ನುವ ಮೊದಲಿನ ಹಳದಿ ಕಾಗದ, ಪೆನ್ಸಿಲ್ಲಿನ ಚೌಕಗಳು, ಕೆಂಪು, ನೀಲಿ. ತಾರೀಖು ಸರಿಯಿತ್ತು. ಮಿಲ್ಲು ಈ ಅಂಚನ್ನು ನೇಯುವುದಕ್ಕೆ ಏಳು ವರ್ಷ ಮೊದಲಿನದು. ಲಾಯರಮ್ಮ ತಲೆದೂಗುತ್ತ ಪೆನ್ನು ತೆಗೆದರು.

“ಒಂದು ನಿಮಿಷ ಮೇಡಂ,” ಎಂದ ಗುಮಾಸ್ತ, ಪರದೆಯ ಹತ್ತಿರ ಬಗ್ಗಿ. “ಈ ಮೂಲೇಲಿ ಏನೋ ಇದೆ. ಬರೆದವರ ಗುರುತಿನ ಹಾಗಿದೆ.”

ಮಾವ ಮೂಲೆಯನ್ನು ದೊಡ್ಡದು ಮಾಡಿದರು.

ಒಂದೇ ತೊಟ್ಟು. ಮೂರು ಎಲೆ. ನಡುವಿನದು ಸ್ವಲ್ಪ ಎಡಕ್ಕೆ ವಾಲಿತ್ತು. ಬೆಂಕಿಯಣ್ಣ ಅಳಿಸಿದ ಮೂಲೆ ಇದು, ಅಂಚು ಬರೆದ ಕೈ ಅಮ್ಮನದು.

ಮಾವ ಪರದೆ ನೋಡಿದರು. ಮೇಜಿನ ಮೇಲಿದ್ದ ತಂಗಿಯ ಕಪ್ಪು ಚೀಲ ನೋಡಿದರು. ಮತ್ತೆ ಪರದೆ ನೋಡಿದರು. ಲಾಯರಮ್ಮನ ಪೆನ್ನು ಕಾಗದದ ಮೇಲೆ ಹಾಗೇ ನಿಂತಿತ್ತು. ಆ ಕಾಗದದಲ್ಲಿ, ಅಂಚು ತನ್ನ ಕೈಯದೆಂದು ಬರೆದುಕೊಟ್ಟ ಸಾಲಿನ ಕೆಳಗೆ, ಅಜ್ಜಿಯ ಸಹಿಯಿತ್ತು.

ಕೆಳಗೆ ಅರದ ಸದ್ದು ನಿಂತಿತು. ನೀರಿನ ಹೂಜಿ ನನ್ನ ಮೊಣಕೈಯ ಹತ್ತಿರವೇ ಇತ್ತು.

“ಯಾರಾದ್ರೂ ನನಗೊಂದು ಲೋಟ ನೀರು ಕೊಡಿ,” ಎಂದಳು ಅಜ್ಜಿ.